ಕಂಪನ್ನು ಅರಿಯುವುದು, ಕಂಪಿಗೆ ಅಂಟುವುದು

ರುಚಿಯನ್ನು ಸವಿಯುವುದು ದೋಷವೇ ಎಂಬ ಪ್ರಶ್ನೆ ಜೈನ ಗೃಹಸ್ಥನಿಗೆ ಹೊಸದಲ್ಲ. ತುಪ್ಪ, ಹಾಲು, ಮೊಸರು, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಎರಡನ್ನೋ ಗೊತ್ತಾದ ದಿನಗಳಲ್ಲಿ ಬಿಡುವ ಹಿರಿಯರನ್ನು ಕಂಡು ಬೆಳೆದ ಮಕ್ಕಳು ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಆದರೆ ಅದು ಸಾಮಾನ್ಯವಾಗಿ ಊಟದ ಎಲೆಯ ಸುತ್ತಲೇ ಸುತ್ತಿ ನಿಲ್ಲುತ್ತದೆ. ಊಟಕ್ಕೆ ಹಸಿವೆಂಬ ಸಮರ್ಥನೆ ಇದೆ. ಹೊಟ್ಟೆಯನ್ನು ತುಂಬದ, ದೇಹವನ್ನು ಪೋಷಿಸದ, ಕೇವಲ ಪರಿಮಳಕ್ಕಾಗಿಯೇ ಸೇವಿಸುವ ಒಂದು ಪಾನೀಯವನ್ನು ಮುಂದಿಟ್ಟುಕೊಂಡು ಕೇಳಿದಾಗ ಪ್ರಶ್ನೆ ಹೆಚ್ಚು ನಿಚ್ಚಳವಾಗುತ್ತದೆ.

ಅಂಥ ಪಾನೀಯಗಳಲ್ಲಿ ಒಂದು, ಬರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯ ಎಣ್ಣೆಯಿಂದ ಸುವಾಸಿತವಾದ, ಹೂವಿನ ಕಂಪುಳ್ಳ ಕಪ್ಪು ಚಹಾ. ಇಂಗ್ಲೆಂಡಿನಲ್ಲಿ ಅದಕ್ಕೆ ಅರ್ಲ್ ಗ್ರೇ ಎಂಬ ಹೆಸರು. ವಿದೇಶದಲ್ಲಿ ನೆಲೆಸಿದ ಮಕ್ಕಳು ರಜೆಗೆ ಬರುವಾಗ ತರುವ ಡಬ್ಬಿಗಳ ಮೂಲಕ, ನಗರದ ದೊಡ್ಡ ಅಂಗಡಿಗಳ ಮೂಲಕ, ಕಾಫಿಗೆ ಒಗ್ಗಿಹೋದ ಕನ್ನಡನಾಡಿನ ಮನೆಗಳಿಗೂ ಅದು ಬಂದಿದೆ. ಅದಕ್ಕೆ ಹಾಲು ಬೆರೆಸದೆ ಕುಡಿಯುವವರೇ ಹೆಚ್ಚು. ಬೆರೆಸಿದರೆ ಕಂಪು ಮಂಕಾಗುತ್ತದೆ. ಬಟ್ಟಲನ್ನು ಮೂಗಿನ ಬಳಿಗೆ ತಂದು, ಕಣ್ಣು ಮುಚ್ಚಿ, ಆಘ್ರಾಣಿಸಿ, ಸ್ವಲ್ಪ ಸ್ವಲ್ಪವಾಗಿ ಸವಿಯುವ ಶ್ರಾವಕನು ಆ ಗಳಿಗೆಯಲ್ಲಿ ಮಾಡುತ್ತಿರುವುದೇನು? ಅದು ಇಂದ್ರಿಯಕ್ಕೆ ಸೋತ ಮನಸ್ಸೇ, ಅಥವಾ ಲೋಕದ ಒಂದು ಪದಾರ್ಥವನ್ನು ಇದ್ದಂತೆ ಅರಿಯುವ ಜ್ಞಾನವೇ? ಈ ಎರಡರ ನಡುವಿನ ಗೆರೆಯನ್ನು ಗುರುತಿಸುವುದು ಸಂಯಮವನ್ನು ಬಯಸುವ ಪ್ರತಿಯೊಬ್ಬರಿಗೂ ಅಗತ್ಯ.

ಪದಾರ್ಥದ ಪರಿಚಯ

ಬರ್ಗಮಾಟ್ ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ ಹಣ್ಣು. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಪ್ರಾಂತದಲ್ಲಿ, ರೆಜ್ಜೋ ಪಟ್ಟಣದ ಆಸುಪಾಸಿನ ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ ಜಗತ್ತಿನ ಬಹುಪಾಲು ಬರ್ಗಮಾಟ್ ಬೆಳೆಯುತ್ತದೆ. ಹಣ್ಣಿನ ತಿರುಳು ಹುಳಿ ಮತ್ತು ಕಹಿ. ಹಾಗೆಯೇ ತಿನ್ನುವವರು ವಿರಳ. ಅದರ ಸಂಪತ್ತೆಲ್ಲ ಸಿಪ್ಪೆಯಲ್ಲಿದೆ. ಹಿಂದೆ ಕೆಲಸಗಾರರು ಸಿಪ್ಪೆಯನ್ನು ಕೈಯಿಂದ ಸ್ಪಂಜಿಗೆ ಒತ್ತಿ, ಹೀರಿದ ಎಣ್ಣೆಯನ್ನು ಪಾತ್ರೆಗೆ ಹಿಂಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಈ ಕೆಲಸಕ್ಕೆ ಯಂತ್ರ ಬಂತು. ಒಂದು ಕಿಲೋ ಎಣ್ಣೆಗೆ ಸುಮಾರು 200 ಕಿಲೋ ಹಣ್ಣು ಬೇಕಾಗುತ್ತದೆ.

ಚಹಾದ ಎಲೆಗೆ ಸುತ್ತಲಿನ ವಾಸನೆಯನ್ನು ಹೀರುವ ಸ್ವಭಾವವಿದೆ. ಮಸಾಲೆಯ ಡಬ್ಬಿಯ ಪಕ್ಕದಲ್ಲಿ ಚಹಾ ಇಡಬಾರದೆಂದು ಗೃಹಿಣಿಯರು ಹೇಳುವುದು ಇದಕ್ಕಾಗಿಯೇ. ಚೀನದ ಫೂಜೋ ನಗರದಲ್ಲಿ ಇದೇ ಸ್ವಭಾವವನ್ನು ಬಳಸಿಕೊಂಡು, ಮಲ್ಲಿಗೆಯ ಮೊಗ್ಗುಗಳನ್ನು ಸಂಜೆ ಎಲೆಯೊಡನೆ ಬೆರೆಸಿ, ರಾತ್ರಿ ಅವು ಅರಳಿ ಕಂಪನ್ನು ಬಿಟ್ಟ ಬಳಿಕ ಹೂಗಳನ್ನು ಜರಡಿ ಹಿಡಿದು ತೆಗೆಯುತ್ತಾರೆ. ಬರ್ಗಮಾಟ್ ಚಹಾದಲ್ಲಿ ಹಾಗಲ್ಲ. ಸಿದ್ಧವಾದ ಎಲೆಯ ಮೇಲೆ ಎಣ್ಣೆಯನ್ನು ಅಲ್ಪ ಪ್ರಮಾಣದಲ್ಲಿ ಸಿಂಪಡಿಸಿ ಬೆರೆಸುತ್ತಾರೆ.

ಹಾಗಾದರೆ ಅದರಲ್ಲಿ ಹೂವಿನ ಕಂಪು ಎಲ್ಲಿಂದ ಬಂತು? ಇಲ್ಲೊಂದು ಸ್ವಾರಸ್ಯವಿದೆ. ಮಲ್ಲಿಗೆಯಲ್ಲಿರುವ ಸುಗಂಧದ್ರವ್ಯಗಳಲ್ಲಿ ಲಿನಲೂಲ್ ಎಂಬುದು ಒಂದು; ಗುಲಾಬಿಯಲ್ಲಿರುವುದು ಜೆರಾನಿಯೋಲ್. ಇವೆರಡೂ ಚಹಾದ ಎಲೆಯಲ್ಲಿಯೇ ಉಂಟು. ಹಸಿ ಎಲೆಯಲ್ಲಿ ಅವು ಸಕ್ಕರೆಯೊಡನೆ ಬಂಧಿತವಾಗಿ, ಗಂಧವಿಲ್ಲದ ಸ್ಥಿತಿಯಲ್ಲಿರುತ್ತವೆ. ಎಲೆ ಬಾಡಿ, ಹೊಸೆಯಲ್ಪಟ್ಟು, ಅದರ ಕೋಶಗಳು ಒಡೆದಾಗ ಎಲೆಯೊಳಗಿನ ಕಿಣ್ವಗಳು ಆ ಬಂಧವನ್ನು ಬಿಡಿಸುತ್ತವೆ. ಕಂಪು ಹೊರಗೆ ಬರುತ್ತದೆ. ಬರ್ಗಮಾಟ್ ಎಣ್ಣೆಯಲ್ಲಿಯೂ ಅದೇ ಲಿನಲೂಲ್ ಇದೆ. ಇಟಲಿಯ ಹಣ್ಣಿಗೂ ಏಷ್ಯಾದ ಎಲೆಗೂ ಇರುವ ಹೊಂದಾಣಿಕೆಗೆ ಈ ಸಮಾನದ್ರವ್ಯವೂ ಒಂದು ಕಾರಣ. ಒಂದು ಹೂವನ್ನೂ ಬಳಸದೆ ಹೂವಿನ ಕಂಪು ಬಟ್ಟಲಿನಲ್ಲಿ ಮೂಡುತ್ತದೆ.

ಶ್ರಾವಕರಲ್ಲಿ ಕೆಲವರಿಗಿರುವ ಒಂದು ಸಂದೇಹವನ್ನೂ ಇಲ್ಲಿ ನಿವಾರಿಸಬಹುದು. ಕಪ್ಪು ಚಹಾವನ್ನು ಹುಳಿಯಿಸಿ ಸಿದ್ಧಪಡಿಸುತ್ತಾರೆಂದು ಹೇಳುವ ರೂಢಿ ಇದೆ. ಮದ್ಯದಲ್ಲಿ ಅಥವಾ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳಿಂದ ನಡೆಯುವ ಹುಳಿಯುವಿಕೆ ಇದಲ್ಲ. ಕೊಯ್ದಿಟ್ಟ ಸೇಬಿನ ಹೋಳು ಗಾಳಿಗೆ ಕಂದಾಗುವಂತೆ, ಎಲೆಯ ರಸ ತನ್ನದೇ ಕಿಣ್ವಗಳ ಮೂಲಕ ಗಾಳಿಯ ಆಮ್ಲಜನಕವನ್ನು ಸೇರಿ ಬಣ್ಣ ಬದಲಿಸುತ್ತದೆ, ಅಷ್ಟೆ.

ಎರಡು ಕಷಾಯಗಳು

ಜೈನ ದರ್ಶನವು ಸ್ಪರ್ಶ, ರಸ, ಗಂಧ, ವರ್ಣಗಳನ್ನು ಪುದ್ಗಲದ ಗುಣಗಳೆಂದು ಹೇಳಿ, ರಸದಲ್ಲಿ ಐದನ್ನೂ ಗಂಧದಲ್ಲಿ ಎರಡನ್ನೂ ಎಣಿಸಿದೆ. ಒಂದು ಬಟ್ಟಲು ಸುವಾಸಿತ ಚಹಾದಲ್ಲಿ ಈ ವಿವೇಚನೆ ಎಷ್ಟು ಸೂಕ್ಷ್ಮವೆಂಬುದು ಅನುಭವಕ್ಕೆ ಬರುತ್ತದೆ. ಬರ್ಗಮಾಟ್‌ನ ರುಚಿ ಎಂದು ಜನ ಕರೆಯುವುದು ಬಹುಮಟ್ಟಿಗೆ ರುಚಿಯಲ್ಲ, ಗಂಧ. ಬಾಯಲ್ಲಿರುವ ಪಾನೀಯದ ಆವಿ ಗಂಟಲ ಹಿಂಬದಿಯಿಂದ ಮೂಗನ್ನು ಸೇರುವುದರಿಂದ ಅದು ನಾಲಗೆಯದೆಂದು ತೋರುತ್ತದೆ. ಮೂಗು ಹಿಡಿದು ಕುಡಿದರೆ ಹೂವೂ ಇಲ್ಲ, ಹಣ್ಣೂ ಇಲ್ಲ; ಉಳಿಯುವುದು ಕಹಿ ಮತ್ತು ಒಗರು. ಆ ಒಗರಿನಲ್ಲಿಯೂ ಬಾಯಿಯ ಒಳಪೊರೆ ಬಿಗಿದಂತಾಗುವ ಸ್ಪರ್ಶದ ಅಂಶವೇ ಹೆಚ್ಚು. ಹೀಗೆ ಮೂರು ಇಂದ್ರಿಯಗಳು ತಂದ ಸುದ್ದಿಯನ್ನು ಮನಸ್ಸು ಒಂದಾಗಿ ಹೊಸೆದು ಚೆನ್ನಾಗಿದೆ ಎಂಬ ತೀರ್ಪನ್ನು ಕೊಡುತ್ತದೆ. ಮೊದಲ ಮೂರು ಅರಿವು. ಕೊನೆಯದು ಮನಸ್ಸು ಸೇರಿಸಿದ ಮಾತು.

ಒಗರಿಗೆ ಶಾಸ್ತ್ರದ ಹೆಸರು ಕಷಾಯ. ಕ್ರೋಧ, ಮಾನ, ಮಾಯೆ, ಲೋಭಗಳಿಗೂ ಅದೇ ಹೆಸರು. ಈ ಸಾಮ್ಯ ಆಕಸ್ಮಿಕವಲ್ಲ. ಕನ್ನಡನಾಡಿನೊಡನೆ ನಿಕಟ ಸಂಬಂಧವುಳ್ಳ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ್ದಾರೆ: ಆಲದಂಥ ಮರಗಳ ಒಗರು ರಸ ಹೇಗೆ ಬಣ್ಣ ಅಂಟುವುದಕ್ಕೆ ಕಾರಣವೋ ಹಾಗೆ ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟುವುದಕ್ಕೆ ಕಾರಣ. ಚಹಾ ಕುಡಿದ ಬಟ್ಟಲನ್ನು ತೊಳೆಯದೆ ಬಿಟ್ಟರೆ ಒಳಗೆ ಕಂದು ಕರೆ ಕಟ್ಟುತ್ತದೆ. ದಿನಗಳೆದಷ್ಟೂ ಅದನ್ನು ಉಜ್ಜುವುದು ಕಷ್ಟ. ಆಗಲೇ ತೊಳೆದರೆ ಬರಿಯ ನೀರು ಸಾಕು. ಬಟ್ಟಲಿಗೆ ಚಹಾ ಬಿದ್ದದ್ದರಿಂದ ಹಾನಿಯಿಲ್ಲ, ಅದು ಅಲ್ಲಿಯೇ ನಿಂತು ಒಣಗಿದ್ದರಿಂದ ಕರೆ. ಕಂಪನ್ನು ಅರಿಯುವುದಕ್ಕೂ ಕಂಪಿಗೆ ಅಂಟುವುದಕ್ಕೂ ಇರುವ ಭೇದವನ್ನು ಇದಕ್ಕಿಂತ ಸರಳವಾಗಿ ತೋರಿಸುವ ದೃಷ್ಟಾಂತ ಅಡುಗೆಮನೆಯಲ್ಲಿ ಸಿಗಲಾರದು.

ಸವಿಯೇ ದೋಷವೆಂಬ ಪಕ್ಷ

ಸವಿಯುವುದೇ ಬಂಧನ, ಆದ್ದರಿಂದ ಚಹಾವನ್ನು ಕುಡಿಯುವುದಾದರೆ ಗಮನವಿಲ್ಲದೆ, ಔಷಧಿಯಂತೆ ನುಂಗಿಬಿಡಬೇಕು ಎಂದು ಹೇಳುವವರಿದ್ದಾರೆ. ಇಂದ್ರಿಯಗಳ ಶಕ್ತಿಯನ್ನು ಕಂಡು ಭಯಪಟ್ಟವರ ಮಾತು ಇದು. ಅದರ ಹಿಂದಿನ ಎಚ್ಚರ ಆದರಣೀಯ. ಆದರೆ ಗಮನವಿಲ್ಲದೆ ಸೇವಿಸುವುದು ಸಂಯಮವಾಗುತ್ತದೆಯೇ? ಕಚೇರಿಯಲ್ಲಿ ಕಡತ ನೋಡುತ್ತ, ಮಾತನಾಡುತ್ತ, ದಿನಕ್ಕೆ ಆರು ಬಟ್ಟಲು ಚಹಾವನ್ನು ಏನು ಕುಡಿದೆನೆಂಬುದೇ ತಿಳಿಯದೆ ಮುಗಿಸುವವನು ವಿರಕ್ತನೆಂದು ಯಾರೂ ಹೇಳಲಾರರು. ಏಳನೆಯ ಬಟ್ಟಲು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಅವನ ತಲೆ ಸಿಡಿಯುತ್ತದೆ, ಮಾತು ಒರಟಾಗುತ್ತದೆ. ಸವಿ ಇಲ್ಲದಿದ್ದರೂ ಆಸಕ್ತಿ ಇರಬಲ್ಲದು. ಅಭ್ಯಾಸವಾಗಿ ಬೇರೂರಿದ ಆಸಕ್ತಿ ಕಣ್ಣಿಗೆ ಬೀಳದಿರುವುದರಿಂದ ಅದು ಹೆಚ್ಚು ಅಪಾಯಕರ. ಪ್ರಮಾದವನ್ನು ಬಂಧದ ಕಾರಣಗಳಲ್ಲಿ ಎಣಿಸಿರುವ ಧರ್ಮದಲ್ಲಿ ಮೈಮರೆವು ಸಾಧನೆಯಾಗಲಾರದು.

ಈ ಪಕ್ಷದಲ್ಲಿ ಇನ್ನೊಂದು ತೊಡಕಿದೆ. ತ್ಯಾಗವನ್ನು ಕೈಗೊಂಡವರು ಕೆಲವೊಮ್ಮೆ ತ್ಯಜಿಸಿದ ವಸ್ತುವನ್ನು ಹಳಿಯತೊಡಗುತ್ತಾರೆ. ಪರಿಮಳವನ್ನು ದುರ್ಗಂಧವೆನ್ನುವುದು ಸತ್ಯಕ್ಕೆ ದೂರ. ಅದಕ್ಕೆ ಮೂಗು ಸಿಂಡರಿಸುವುದು ದ್ವೇಷ. ರಾಗವನ್ನು ಹೊರಗೆ ಹಾಕಲು ದ್ವೇಷವನ್ನು ಒಳಗೆ ಕರೆದಂತಾಯಿತು.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ವಿದೇಶದಿಂದ ಬಂದ ಮೊಮ್ಮಗ ಸಂಜೆ ದೀಪ ಹಚ್ಚಿದ ಮೇಲೆ ಹೊಸ ಡಬ್ಬಿಯನ್ನು ತೆರೆದು ಚಹಾ ಮಾಡುತ್ತಾನೆ. ಅಜ್ಜಿ ರಾತ್ರಿಭೋಜನ ತ್ಯಾಗದ ನಿಯಮವುಳ್ಳವರು. ಅವನು ಬಟ್ಟಲನ್ನು ಹತ್ತಿರ ತಂದು, "ಅಜ್ಜಿ, ವಾಸನೆ ನೋಡಿ, ಹೇಗಿದೆ?" ಎನ್ನುತ್ತಾನೆ. "ತುಂಬ ಚೆನ್ನಾಗಿದೆ ಮಗು. ಕಂಚಿಕಾಯಿ ಸಿಪ್ಪೆ ಸುಲಿದ ಹಾಗಿದೆ, ಜೊತೆಗೆ ಏನೋ ಹೂವಿನ ಕಂಪೂ ಇದೆ. ಹೊತ್ತು ಮುಳುಗಿತಲ್ಲ, ನನಗೆ ಬೇಡ. ಬೆಳಿಗ್ಗೆ ಬಸದಿಗೆ ಹೋಗಿ ಬಂದ ಮೇಲೆ ನೆನಪಿದ್ದರೆ ಕೊಡು" ಎನ್ನುತ್ತಾರೆ ಅಜ್ಜಿ. ಕಂಪನ್ನು ಅವರು ಅಲ್ಲಗಳೆಯಲಿಲ್ಲ, ಮೊಮ್ಮಗನ ಪ್ರೀತಿಯನ್ನು ತಳ್ಳಲಿಲ್ಲ, ವ್ರತವನ್ನೂ ಬಿಡಲಿಲ್ಲ. ನೆನಪಿದ್ದರೆ ಎಂಬ ಒಂದು ಮಾತಿನಲ್ಲಿ ಅವರ ಮನಸ್ಸಿನ ಸ್ಥಿತಿ ಇದೆ. ನೆನಪಿಡುವ ಹೊಣೆಯನ್ನು ಅವರು ತಮ್ಮ ಮನಸ್ಸಿಗೆ ಹೊರಿಸಿಕೊಳ್ಳಲಿಲ್ಲ.

ಅರಿತವನಿಗೆ ಬಂಧವಿಲ್ಲವೆಂಬ ಪಕ್ಷ

ಇದಕ್ಕೆ ವಿರುದ್ಧವಾದ ಪಕ್ಷವೂ ಉಂಟು, ಮತ್ತು ವಿದ್ಯಾವಂತರಿಗೆ ಅದು ಹೆಚ್ಚು ಪ್ರಿಯ. ಆಚಾರ್ಯ ಕುಂದಕುಂದರು ಸಮಯಸಾರದಲ್ಲಿ, ವಿಷವಿದ್ಯೆಯನ್ನು ಬಲ್ಲ ವೈದ್ಯನು ವಿಷವನ್ನು ಸೇವಿಸಿಯೂ ಸಾಯದಂತೆ ಜ್ಞಾನಿಯು ಕರ್ಮಫಲವನ್ನು ಅನುಭವಿಸಿಯೂ ಬಂಧನಕ್ಕೆ ಒಳಗಾಗುವುದಿಲ್ಲವೆಂಬ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಇದನ್ನು ಹಿಡಿದು, ಸಾಕ್ಷಿಭಾವದಿಂದ ಸವಿದರೆ ಎಷ್ಟು ಸವಿದರೂ ದೋಷವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ.

ಚಹಾದ ಲೋಕದಲ್ಲಿಯೇ ಈ ಮಾತನ್ನು ಪರೀಕ್ಷಿಸಲು ಒಂದು ನಿದರ್ಶನವಿದೆ. ಹರಾಜಿಗೆ ಬರುವ ಚಹಾದ ಗುಣವನ್ನು ನಿರ್ಣಯಿಸಲು ವೃತ್ತಿನಿರತ ರುಚಿಪರೀಕ್ಷಕರು ಇರುತ್ತಾರೆ. ಪರೀಕ್ಷೆಗಾಗಿ ಚಹಾ ಸಿದ್ಧಪಡಿಸುವ ಕ್ರಮಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1980ರಲ್ಲಿ ಪ್ರಕಟಿಸಿದ ಒಂದು ಮಾನಕವೇ ಇದೆ: ನೂರು ಮಿಲಿಲೀಟರ್ ಕುದಿನೀರಿಗೆ ಎರಡು ಗ್ರಾಂ ಎಲೆ, ಆರು ನಿಮಿಷದ ಅವಧಿ. ಸಾಲಾಗಿ ಇಟ್ಟ ಬಟ್ಟಲುಗಳಿಂದ ಪರೀಕ್ಷಕ ಚಮಚದಲ್ಲಿ ಚಹಾ ತೆಗೆದು, ಸದ್ದಾಗುವಂತೆ ಬಾಯಿಗೆ ಸೆಳೆದು, ಗಾಳಿಯೊಡನೆ ನಾಲಗೆಯ ಮೇಲೆ ಹರಡಿಸಿ, ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಾನೆ. ಒಂದು ದಿನದಲ್ಲಿ ನೂರಾರು ಬಟ್ಟಲು. ಯಾವುದನ್ನೂ ನುಂಗುವುದಿಲ್ಲ. ಒಗರು, ಹೊಳಪು, ಹೂವಿನ ಕಂಪು, ಹೊಗೆಯ ವಾಸನೆ ಇವುಗಳನ್ನು ಇದ್ದಂತೆ ಹೆಸರಿಸುತ್ತಾನೆ. ತನಗೆ ಇಷ್ಟವೋ ಇಲ್ಲವೋ ಎಂಬುದನ್ನು ಬದಿಗಿಡುವುದು ಅವನ ವೃತ್ತಿಯ ಮೊದಲ ಪಾಠ.

ಹೊರಗಿನಿಂದ ನೋಡಿದರೆ ಜ್ಞಾತೃವಿಗೆ ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಅರಿವಿದೆ, ಭೋಗವಿಲ್ಲ. ಗಮನಕ್ಕೂ ಆಸಕ್ತಿಗೂ ನಂಟು ಇರಲೇಬೇಕಾಗಿಲ್ಲವೆಂಬುದನ್ನು ಅವನು ಪ್ರತಿದಿನ ತೋರಿಸಿಕೊಡುತ್ತಾನೆ. ಆದರೂ ಆ ಉಗುಳುವಿಕೆ ವೈರಾಗ್ಯವಲ್ಲ. ಅದು ವ್ಯಾಪಾರದ ಅಗತ್ಯ. ಅದರ ಗುರಿ ಬೆಲೆ ಕಟ್ಟುವುದು. ಅವನು ಮನೆಗೆ ಹೋಗಿ ತನ್ನ ಮೆಚ್ಚಿನ ಚಹಾಕ್ಕಾಗಿ ಹಂಬಲಿಸಿದರೆ ಆ ದಿನದ ನೂರಾರು ಬಟ್ಟಲುಗಳ ನಿರ್ಲಿಪ್ತತೆ ಅವನಿಗೆ ಒದಗುವುದಿಲ್ಲ. ನುಂಗಿದನೇ ಉಗುಳಿದನೇ ಎಂಬುದರಿಂದ ಒಳಗಿನ ಸ್ಥಿತಿ ನಿರ್ಧಾರವಾಗದು.

ಕುಂದಕುಂದರ ದೃಷ್ಟಾಂತದಲ್ಲಿಯೂ ಒಂದು ಮಾತನ್ನು ಮರೆಯಬಾರದು. ಆ ವೈದ್ಯ ವಿಷವನ್ನು ವಿಷವೆಂದೇ ಬಲ್ಲವನು. ಅದನ್ನು ಬಯಸಿ, ಹುಡುಕಿ, ಬೆಲೆ ಕೊಟ್ಟು ತಂದವನಲ್ಲ. ಯಾವ ಚಹಾ ಎಲ್ಲಿ ಸಿಗುತ್ತದೆಂದು ವಿಚಾರಿಸಿ ತರಿಸಿಕೊಂಡವನು, ಕುಡಿಯುವಾಗ ಮಾತ್ರ ತಾನು ಸಾಕ್ಷಿಯೆಂದು ಹೇಳಿಕೊಂಡರೆ ಅದು ಮಾಯಾಕಷಾಯಕ್ಕೆ ಹತ್ತಿರ. ಇಂಥ ರಸಿಕತೆಯಿಂದ ಮಾನಕಷಾಯವೂ ಹುಟ್ಟುತ್ತದೆ. ತನ್ನ ನಾಲಗೆ ಗುರುತಿಸುವ ಹೂವಿನ ಕಂಪನ್ನು ಇತರರ ನಾಲಗೆ ಗುರುತಿಸದೆಂಬ ಹೆಮ್ಮೆ, ಬೀದಿಯ ಅಂಗಡಿಯ ಚಹಾ ಕುಡಿಯುವವರನ್ನು ಕಂಡರೆ ತಾತ್ಸಾರ. ಗಂಧ ಶರೀರದೊಳಗೆ ಕೆಲವು ನಿಮಿಷ ಇದ್ದು ಹೋಗುತ್ತದೆ. ಆ ತಾತ್ಸಾರ ಉಳಿಯುತ್ತದೆ. ಶ್ರಾವಕನು ಜ್ಞಾನಿಯ ಪದವಿಯನ್ನು ತನಗೆ ತಾನೇ ಕೊಟ್ಟುಕೊಳ್ಳುವುದಕ್ಕಿಂತ, ಆಚಾರ್ಯರು ಗೃಹಸ್ಥನಿಗೆಂದೇ ಹಾಕಿಕೊಟ್ಟ ದಾರಿಯನ್ನು ಹಿಡಿಯುವುದು ಕ್ಷೇಮ.

ಸಮಂತಭದ್ರರ ಐದು ಎಚ್ಚರಿಕೆಗಳು

ಆ ದಾರಿಯೇ ಭೋಗೋಪಭೋಗ ಪರಿಮಾಣ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ. ಚಹಾ ಭೋಗ, ಅದರ ಬಟ್ಟಲು ಉಪಭೋಗ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ವಾಮಿ ಸಮಂತಭದ್ರರು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ಒಂದೊಂದಾಗಿ ಚಹಾಕ್ಕೆ ಅನ್ವಯಿಸಿ ನೋಡಿದರೆ ಗೆರೆ ಸ್ಪಷ್ಟವಾಗುತ್ತದೆ.

ಮೊದಲನೆಯದು, ವಿಷಯವೆಂಬ ವಿಷದಲ್ಲಿ ಉಪೇಕ್ಷೆ ಇಲ್ಲದಿರುವುದು. ಬಟ್ಟಲು ಬಂದರೂ ಬಾರದಿದ್ದರೂ ನಡೆಯುತ್ತದೆಂಬ ಭಾವ ಇದೆಯೇ? ಎರಡನೆಯದು, ಅನುಸ್ಮೃತಿ, ಎಂದರೆ ಸವಿದುದನ್ನು ಮತ್ತೆ ಮತ್ತೆ ನೆನೆಯುವುದು. ಸಾಮಾಯಿಕಕ್ಕೆ ಕುಳಿತಾಗ ಬೆಳಗಿನ ಕಂಪು ಮನಸ್ಸಿಗೆ ಬಂದರೆ ಆ ಬಟ್ಟಲು ಇನ್ನೂ ಮುಗಿದಿಲ್ಲ. ಮೂರನೆಯದು, ಅತಿಲೌಲ್ಯ, ಸೇವಿಸುವಾಗಿನ ಚಪಲ. ಮೊದಲ ಗುಟುಕು ಗಂಟಲಿಳಿಯುವ ಮುನ್ನವೇ ಎರಡನೆಯದಕ್ಕೆ ಕೈ ಹೋಗುವುದು. ನಾಲ್ಕನೆಯದು, ಅತಿತೃಷ್ಣೆ, ಮುಂದಿನದಕ್ಕಾಗಿ ಹಂಬಲ. ಡಬ್ಬಿ ಅರ್ಧವಾದಾಗಲೇ ಮುಂದಿನ ಡಬ್ಬಿಯ ಚಿಂತೆ. ಐದನೆಯದು, ಅತ್ಯನುಭವ, ಭೋಗದಲ್ಲಿ ಮಿತಿಮೀರಿ ಮುಳುಗುವುದು.

ಈ ಐದರಲ್ಲಿ ಅನುಸ್ಮೃತಿ ಗುಟುಕಿನ ನಂತರದ್ದು, ಅತಿತೃಷ್ಣೆ ಗುಟುಕಿನ ಮೊದಲಿನದ್ದು, ಉಪೇಕ್ಷೆಯ ಅಭಾವ ಎಲ್ಲ ಕಾಲದ್ದು. ಸವಿಯುವ ಗಳಿಗೆಗೆ ಸೇರಿದವು ಎರಡು ಮಾತ್ರ, ಅವೂ ಅತಿಯಾದಾಗ. ಆಚಾರ್ಯರು ನಾಲಗೆಗಿಂತ ಹೆಚ್ಚಾಗಿ ನೆನಪು ಮತ್ತು ಹಂಬಲಗಳ ಮೇಲೆ ಕಾವಲು ಹಾಕಿದ್ದಾರೆ. ಗಮನವಿಟ್ಟು ಸವಿದ ಒಂದು ಬಟ್ಟಲು ಅಲ್ಲಿಗೇ ಮುಗಿದರೆ, ಗಮನವಿಲ್ಲದ ಆರು ಬಟ್ಟಲುಗಳಿಗಿಂತ ಅದು ವ್ರತಕ್ಕೆ ಹತ್ತಿರ.

ಮಿತಿ ಮೀರಿದಾಗ ದೇಹವೂ ಸಾಕ್ಷಿ ಹೇಳುತ್ತದೆ. 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 44 ವರ್ಷದ ಒಬ್ಬ ರೋಗಿಯ ವೃತ್ತಾಂತ ಪ್ರಕಟವಾಯಿತು. ದಿನಕ್ಕೆ ನಾಲ್ಕು ಲೀಟರಿನವರೆಗೆ ಕಪ್ಪು ಚಹಾ ಕುಡಿಯುತ್ತಿದ್ದ ಆತ ಬರ್ಗಮಾಟ್ ಚಹಾಕ್ಕೆ ಬದಲಾದ ಬಳಿಕ ಸ್ನಾಯುಗಳ ಸೆಳೆತದಿಂದ ನರಳಿದ. ಬರ್ಗಮಾಟ್ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ದ್ರವ್ಯವೇ ಕಾರಣವಿರಬೇಕೆಂದು ವೈದ್ಯರು ಊಹಿಸಿದರು. ಆ ಚಹಾವನ್ನು ಬಿಟ್ಟಾಗ ಬಾಧೆ ನಿಂತಿತು. ಮಿತವಾಗಿ ಕುಡಿದಾಗ ಮರುಕಳಿಸಲಿಲ್ಲ. ಪದಾರ್ಥ ಅದೇ, ಪ್ರಮಾಣ ಬೇರೆ. ಪರಿಮಾಣವೆಂಬ ಶಬ್ದವನ್ನೇ ವ್ರತದ ಹೆಸರಿನಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ.

ಬಟ್ಟಲಿನ ಹಿಂದಿನ ನೋವು

ಇಷ್ಟರಿಂದ ಸವಿಯುವವನ ಹೊಣೆ ತೀರಲಿಲ್ಲ. ಮನಸ್ಸಿನ ನಿರ್ಲಿಪ್ತತೆ ಎಷ್ಟೇ ಇರಲಿ, ಬಟ್ಟಲು ಹೇಗೆ ಬಂತೆಂಬುದನ್ನು ಅಹಿಂಸಾಧರ್ಮಿ ಕೇಳಲೇಬೇಕು.

ಒಂದು ಕಿಲೋ ಚಹಾಕ್ಕೆ ನಾಲ್ಕರಿಂದ ಐದು ಕಿಲೋ ಹಸಿ ಚಿಗುರು ಬೇಕು. ವನಸ್ಪತಿ ಏಕೇಂದ್ರಿಯ ಜೀವವೆಂದು ನಂಬುವವರಿಗೆ ಆ ಚಿಗುರು ನಿರ್ಜೀವ ಸರಕಲ್ಲ. ಹಿಂದೆ ಹೇಳಿದಂತೆ, ಹೂವಿನ ಕಂಪು ಎಲೆಯ ಕೋಶಗಳು ಒಡೆದಾಗ ಬಿಡುಗಡೆಯಾಗುವಂಥದು. ಕೆಲವು ಚಹಾಗಳಲ್ಲಿ ಇದು ಇನ್ನೂ ಮುಂದುವರಿದಿದೆ. ತೈವಾನಿನ ಒಂದು ಪ್ರಸಿದ್ಧ ಬಗೆಯ ಚಹಾಕ್ಕೂ ಡಾರ್ಜಿಲಿಂಗಿನ ಎರಡನೆಯ ಕೊಯ್ಲಿನ ಚಹಾಕ್ಕೂ ಇರುವ ಹಣ್ಣು-ಹೂವುಗಳ ವಿಶಿಷ್ಟ ಕಂಪಿಗೆ ಜಿಗಿಹುಳುವಿನ ಕಡಿತ ಒಂದು ಕಾರಣ. ಹುಳು ಕಚ್ಚಿ ರಸ ಹೀರಿದಾಗ ಸಸ್ಯ ತನ್ನ ರಕ್ಷಣೆಗಾಗಿ ಕೆಲವು ಗಂಧದ್ರವ್ಯಗಳನ್ನು ಉತ್ಪಾದಿಸುತ್ತದೆ. ಮನುಷ್ಯ ಅದನ್ನು ಪರಿಮಳವೆಂದು ಮೆಚ್ಚುತ್ತಾನೆ. ತೈವಾನಿನ ಬೆಳೆಗಾರರು ಆ ಹುಳುಗಳು ಬದುಕಿರಲೆಂದೇ ಅಂಥ ತೋಟಗಳಿಗೆ ಕೀಟನಾಶಕ ಸಿಂಪಡಿಸುವುದಿಲ್ಲ. ಹುಳುವಿಗೆ ಅಭಯ, ಎಲೆಗೆ ಗಾಯ, ಮನುಷ್ಯನಿಗೆ ಕಂಪು: ಲೋಕದಲ್ಲಿ ಜೀವಗಳ ಸಂಬಂಧ ಎಷ್ಟು ಜಟಿಲವೆಂಬುದಕ್ಕೆ ಇದೊಂದು ನಿದರ್ಶನ. ಗೃಹಸ್ಥನಿಗೆ ಸ್ಥಾವರ ಹಿಂಸೆಯನ್ನು ಪೂರ್ತಿ ಬಿಡುವುದು ಶಕ್ಯವಲ್ಲ. ಅದನ್ನು ಅರಿತು ಕಡಿಮೆ ಮಾಡುವುದು ಶಕ್ಯ. ಎಲೆಯ ನೋವನ್ನು ನೆನೆದು ಕುಡಿಯುವವನ ಕೈ ಎರಡನೆಯ ಬಟ್ಟಲಿಗೆ ಸುಲಭವಾಗಿ ಹೋಗದು.

ಪಂಚೇಂದ್ರಿಯ ಮನುಷ್ಯನ ನೋವು ಇನ್ನೂ ಗುರುತರ. ಈ ಚಹಾ ಯಾರ ಹೆಸರನ್ನು ಹೊತ್ತಿದೆಯೋ ಆ ಎರಡನೆಯ ಅರ್ಲ್ ಗ್ರೇ 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದರು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ 1833ರಲ್ಲಿ ಅವರ ಸರ್ಕಾರದ ಕಾಲದಲ್ಲಿಯೇ ಬಂತು. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನ ಹರಾಜಿಗೆ ಮೊದಲ ಬಾರಿ ಬಂತು. ಮುಂದೆ ಆ ತೋಟಗಳಿಗೆ ದೂರದ ಊರುಗಳಿಂದ ಕರಾರಿನ ಮೇಲೆ ಕೂಲಿಗಳನ್ನು ತಂದರು. ಕರಾರು ಮುರಿದು ಓಡಿದ ಕೂಲಿಯನ್ನು ತೋಟದ ಯಜಮಾನನೇ ಹಿಡಿಯಬಹುದೆಂದು 1865ರ ಕಾನೂನು ಹೇಳಿತು. ಒಂದು ಕಡೆ ಬಿಡಿಸಿದ ಬೇಡಿ ಇನ್ನೊಂದು ಕಡೆ ಬೇರೆ ಹೆಸರಿನಲ್ಲಿ ಬಿತ್ತು. ಸ್ವತಂತ್ರ ಭಾರತವು 1951ರಲ್ಲಿ ತೋಟ ಕಾರ್ಮಿಕರ ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವುಗಳಿಗಾಗಿ ಕಾಯ್ದೆ ಮಾಡಿತು. ಇಂದಿಗೂ ಚಿಗುರು ಬಿಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಕೂಲಿ, ಅವರ ಮಕ್ಕಳ ಶಾಲೆ, ಇವು ಯಾವ ಪರಿಮಳದಿಂದಲೂ ಮುಚ್ಚಿಹೋಗಬಾರದು.

ಪರಿಮಳ ಮುಚ್ಚಿಡುವ ಸತ್ಯ

ಮುಚ್ಚುವ ಮಾತು ಬಂದುದರಿಂದ ಇನ್ನೊಂದು ಸಂಗತಿ. ಈ ಚಹಾದ ಹುಟ್ಟಿನ ಬಗ್ಗೆ ಸೊಗಸಾದ ಕಥೆಗಳಿವೆ. ಚೀನದ ಅಧಿಕಾರಿಯೊಬ್ಬ ಕೃತಜ್ಞತೆಯಿಂದ ಅರ್ಲ್ ಗ್ರೇಗೆ ಇದರ ಪಾಕವನ್ನು ಕೊಟ್ಟನೆಂಬುದು ಅವುಗಳಲ್ಲಿ ಒಂದು. ಆದರೆ ಅರ್ಲ್ ಗ್ರೇ ಚೀನಕ್ಕೆ ಹೋದವರೇ ಅಲ್ಲ. ದಾಖಲೆಗಳಲ್ಲಿ ಸಿಗುವ ಮೊದಲ ಸುದ್ದಿ ಅಷ್ಟು ಸೊಗಸಾಗಿಲ್ಲ: 1837ರಲ್ಲಿ ಇಂಗ್ಲೆಂಡಿನ ಒಂದು ವ್ಯಾಪಾರ ಸಂಸ್ಥೆಯ ಮೇಲೆ, ಚಹಾಕ್ಕೆ ಬರ್ಗಮಾಟ್ ಗಂಧವನ್ನು ಕೃತಕವಾಗಿ ಬೆರೆಸಿ ಮಾರಿತೆಂಬ ಆಪಾದನೆ ಬಂದಿತ್ತು. ಕೀಳು ಚಹಾವನ್ನು ಮೇಲು ಚಹಾದಂತೆ ತೋರಿಸುವುದಕ್ಕೆ ಪರಿಮಳ ಒಂದು ಸಾಧನವಾಗಿತ್ತು. ಅರ್ಲ್ ಗ್ರೇ ಮಿಶ್ರಣವೆಂಬ ಗೌರವದ ಹೆಸರು ಜಾಹೀರಾತುಗಳಲ್ಲಿ ಕಾಣಿಸುವುದು 1880ರ ದಶಕದಲ್ಲಿ.

ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದಕ್ಕೆ ತತ್ವಾರ್ಥಸೂತ್ರವು ಪ್ರತಿರೂಪಕ ವ್ಯವಹಾರವೆಂದು ಹೆಸರಿಟ್ಟು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸಿದೆ. ವ್ಯಾಪಾರದಲ್ಲಿರುವ ಜೈನ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅದೇ ಬರ್ಗಮಾಟ್ ಎಣ್ಣೆ ಹೇಳಿ ಬೆರೆಸಿದಾಗ ರುಚಿ, ಹೇಳದೆ ಬೆರೆಸಿದಾಗ ಕಳವು. ಭಾರತದ ಆಹಾರ ನಿಯಮಗಳು ಇಂಥ ಚಹಾದ ಡಬ್ಬಿಯ ಮೇಲೆ ಅದು ಸುವಾಸಿತವೆಂದು ಮುದ್ರಿಸುವುದನ್ನು ಕಡ್ಡಾಯಗೊಳಿಸಿವೆ. ಕೊಳ್ಳುವವರೂ ಚೀಟಿಯನ್ನು ಓದಬೇಕು. ಕಂಪು ಹಣ್ಣಿನ ಎಣ್ಣೆಯದೋ ಕಾರ್ಖಾನೆಯಲ್ಲಿ ತಯಾರಾದ ದ್ರವ್ಯದ್ದೋ ಎಂಬುದು ಅಲ್ಲಿ ತಿಳಿಯಬಹುದು. ಕೆಲವು ಮಿಶ್ರಣಗಳಲ್ಲಿ ನೋಟಕ್ಕಾಗಿ ನೀಲಿ ಹೂವಿನ ಎಸಳುಗಳನ್ನು ಸೇರಿಸಿರುತ್ತಾರೆ. ಅವುಗಳಿಂದ ಕಂಪು ಬರುವುದಿಲ್ಲ. ಹೂವನ್ನು ಸೇವಿಸದ ನಿಯಮವುಳ್ಳವರಿಗೆ ಈ ತಿಳಿವಳಿಕೆ ಉಪಯುಕ್ತ.

ಮನೆಗೆ ಮತ್ತು ಬಸದಿಗೆ

ಸಮಂತಭದ್ರರು ಮಿತಿಯಲ್ಲಿ ಎರಡು ಬಗೆ ಹೇಳುತ್ತಾರೆ: ಜೀವನಪರ್ಯಂತದ್ದು ಯಮ, ಕಾಲದ ಗಡಿಯುಳ್ಳದ್ದು ನಿಯಮ. ಎಲ್ಲರಿಗೂ ಯಮ ಸಾಧ್ಯವಾಗದಿರಬಹುದು. ನಿಯಮ ಎಲ್ಲರಿಗೂ ಸಾಧ್ಯ. ದಿನಕ್ಕೆ ಒಂದೇ ಬಟ್ಟಲು, ಹಗಲಿನಲ್ಲಿ ಮಾತ್ರ. ಡಬ್ಬಿ ಮುಗಿದ ಬಳಿಕ ಒಂದು ತಿಂಗಳು ಇನ್ನೊಂದನ್ನು ಕೊಳ್ಳುವುದಿಲ್ಲ. ದಶಲಕ್ಷಣ ಪರ್ವದ ಹತ್ತು ದಿನ ಮುಟ್ಟುವುದಿಲ್ಲ. ಇಂಥ ನಿಯಮವನ್ನು ಬಯಕೆ ಹುಟ್ಟುವ ಮೊದಲೇ ಕೈಗೊಳ್ಳಬೇಕು. ಬಟ್ಟಲು ಕೈಯಲ್ಲಿರುವಾಗ ಮಿತಿಯನ್ನು ನಿರ್ಧರಿಸಲು ಹೊರಟರೆ ತೀರ್ಪು ಕೊಡುವುದು ನಾಲಗೆ. ಬಿಟ್ಟ ದಿನಗಳಲ್ಲಿ ಮನಸ್ಸು ಹೇಗಿದೆಯೆಂಬುದನ್ನು ನೋಡಿದರೆ, ಸವಿದ ದಿನಗಳಲ್ಲಿ ನಡೆದದ್ದು ಅರಿವೋ ಅಂಟೋ ಎಂಬುದಕ್ಕೆ ಉತ್ತರ ಸಿಗುತ್ತದೆ. ಸ್ವಾಧ್ಯಾಯದಿಂದ ತಿಳಿಯಲಾಗದ್ದು ಇಂಥ ಹತ್ತು ದಿನಗಳಲ್ಲಿ ತಿಳಿದೀತು.

ಬಸದಿಯ ಆಡಳಿತ ಮಂಡಲಿಗಳಿಗೂ ಇದರಲ್ಲಿ ವಿಚಾರಿಸುವ ಅಂಶವಿದೆ. ಸಭೆ ಸಮಾರಂಭಗಳಲ್ಲಿ ಗಣ್ಯರಿಗೆ ಒಂದು ಬಗೆಯ ಚಹಾ, ಚಪ್ಪರ ಕಟ್ಟಿದವರಿಗೆ, ಪಾತ್ರೆ ತೊಳೆದವರಿಗೆ ಇನ್ನೊಂದು ಬಗೆ ಎಂಬ ಪದ್ಧತಿ ಕೆಲವೆಡೆ ಬೆಳೆದಿದೆ. ಒಂದೇ ಛಾವಣಿಯಡಿ ಹೀಗೆ ಪಂಕ್ತಿಭೇದ ಮಾಡುವುದು, ಸಮವಸರಣದಲ್ಲಿ ಸರ್ವಜೀವಗಳಿಗೂ ಸ್ಥಾನ ಕೊಟ್ಟ ಧರ್ಮದ ಅಂಗಳಕ್ಕೆ ಶೋಭಿಸದು. ಸುವಾಸಿತ ಚಹಾವನ್ನು ಕೊಡುವುದಾದರೆ ಎಲ್ಲರಿಗೂ ಕೊಡಲಿ. ಇಲ್ಲವಾದರೆ ಎಲ್ಲರಿಗೂ ಸಾದಾ ಚಹಾವೇ ಇರಲಿ. ಹೊತ್ತು ಮುಳುಗುವ ಮೊದಲು ಮುಗಿಯಲಿ, ಮಿಕ್ಕಿ ಚೆಲ್ಲುವಷ್ಟು ಆಗದಿರಲಿ.

ಗಂ​ಧ ಪುದ್ಗಲದ ಗುಣ. ಅರಿಯುವುದು ಆತ್ಮದ ಗುಣ. ಇವೆರಡು ಸಂಧಿಸುವುದರಲ್ಲಿ ಲಜ್ಜೆಪಡುವಂಥದು ಏನೂ ಇಲ್ಲ. ಲಜ್ಜೆಪಡಬೇಕಾದದ್ದು, ಎಲೆಯ ಗಾಯವನ್ನೂ ಬಿಡಿಸಿದ ಕೈಯ ದಣಿವನ್ನೂ ಮರೆತು, ಇದು ತನಗೆ ಸಲ್ಲಬೇಕಾದದ್ದೆಂದು ಮನಸ್ಸು ಹಕ್ಕು ಸಾಧಿಸತೊಡಗಿದಾಗ. ಕುಡಿಯುವವರು ಅರಿತು, ಮಿತಿಯಿಟ್ಟು, ಹಂಚಿಕೊಂಡು ಕುಡಿಯಲಿ. ಬಿಡುವವರು ಹಳಿಯದೆ ಬಿಡಲಿ. ಇಬ್ಬರೂ ಬಟ್ಟಲನ್ನು ಕರೆ ಕಟ್ಟುವ ಮೊದಲೇ ತೊಳೆದಿಡಲಿ.